ಮರ ಸವರಿದ ಮೇಲೆ ಉಳಿಯುವ ಹಸಿರು ಕಸ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಕಸದ ವಿಷಯ ಬಂದಾಗ ಚರ್ಚೆಯು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ಸುತ್ತಲೇ ನಡೆಯುತ್ತದೆ. ಸ್ವಚ್ಛ ವಾಹಿನಿಯು ಮನೆಮನೆಗೆ ಹೋಗಿ ಒಣಕಸವನ್ನು ತರುತ್ತದೆ. ಸ್ವಚ್ಛ ಸಂಕೀರ್ಣದಲ್ಲಿ ಅದನ್ನು ವಿಂಗಡಿಸಲಾಗುತ್ತದೆ. ಈ ವ್ಯವಸ್ಥೆಯೊಳಗೆ ಸೇರದೆ ಉಳಿದ ಇನ್ನೊಂದು ಕಸವಿದೆ. ಅಂಗಳದ ತೆಂಗಿನ ಗರಿ, ಬೇವು ಹೊಂಗೆಗಳ ಟೊಂಗೆ, ಬೇಲಿ ಸವರಿದ ಸೊಪ್ಪು, ಶಾಲೆಯ ಆವರಣದ ತರಗೆಲೆ, ವಿದ್ಯುತ್ ತಂತಿಯ ಕೆಳಗೆ ಕಡಿದು ಬಿಟ್ಟ ಕೊಂಬೆ, ಇವೆಲ್ಲವೂ ಆ ಕಸದ ಪಾಲು. ಇದನ್ನು ಕಸವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ; ಹಾಗೆಂದು ಇದಕ್ಕೊಂದು ಜಾಗವನ್ನೂ ಯಾರೂ ಗೊತ್ತುಮಾಡಿಲ್ಲ. ಈ ಉಪನ್ಯಾಸದ ವಿಷಯ ಅದೇ ಆಗಿದೆ.

ಸಮಸ್ಯೆಯ ಸ್ವರೂಪ

ತುಂಗಭದ್ರೆಯ ದಂಡೆಯಲ್ಲಿರುವ ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಗ್ರಾಮವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಹೊಳೆಯ ನೀರಿನ ಆಸರೆಯಿರುವ ಇಂತಹ ಊರುಗಳಲ್ಲಿ ತೆಂಗು ಬೆಳೆಯುತ್ತದೆ. ಕೂಡ್ಲಿಗಿ, ಕೊಟ್ಟೂರು ಕಡೆಯ ಒಣಭೂಮಿಯಲ್ಲಿ ಹುಣಸೆ, ಬೇವು ಮತ್ತು ಬಳ್ಳಾರಿ ಜಾಲಿ ಹೆಚ್ಚು. ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯ ತೋಟಗಳಲ್ಲಿ ವರ್ಷವರ್ಷವೂ ಗಿಡ ಸವರಬೇಕು. ಹಗರಿಬೊಮ್ಮನಹಳ್ಳಿ ಸೀಮೆಯ ದಾಳಿಂಬೆಗೂ ಸವರುವಿಕೆ ಅನಿವಾರ್ಯ. ಮರದ ಜಾತಿ ಬೇರೆಯಾದರೂ ಪ್ರಶ್ನೆ ಒಂದೇ: ಕಡಿದದ್ದು ಎಲ್ಲಿಗೆ ಹೋಗಬೇಕು?

ಈ ಕೆಲಸವನ್ನು ಮಾಡುವವರು ಊರಿನ ಮರ ಹತ್ತುವವರು ಮತ್ತು ಟೊಂಗೆ ಕಡಿಯುವವರು. ಒಂದು ಹಗ್ಗ, ಒಂದು ಮಚ್ಚು, ಒಂದು ಏಣಿ ಇವರ ಬಂಡವಾಳ. ಇತ್ತೀಚೆಗೆ ಕೆಲವರ ಬಳಿ ಮರ ಹತ್ತುವ ಸಾಧನ, ಯಂತ್ರದ ಗರಗಸ ಸಹ ಇವೆ. ಮನೆಯೊಡೆಯರು, ಶಾಲೆಯವರು, ದೇವಸ್ಥಾನದ ಸಮಿತಿಯವರು, ತೋಟದ ಒಡೆಯರು ಇವರನ್ನು ಕರೆಯುತ್ತಾರೆ. ಕೂಲಿ ಮಾತಾಗುವುದು ಮರಕ್ಕೆ ಇಷ್ಟು ಎಂದು. ಟೊಂಗೆ ನೆಲಕ್ಕೆ ಬಿದ್ದ ಮೇಲೆ, 'ಕಸವನ್ನೂ ನೀವೇ ತೆಗೆದುಕೊಂಡು ಹೋಗಿಬಿಡಿ' ಎಂಬ ಮಾತು ಬರುತ್ತದೆ. ಆ ಮಾತಿಗೆ ಬೆಲೆ ಕಟ್ಟಿರುವುದಿಲ್ಲ. ಟ್ರ್ಯಾಕ್ಟರ್ ಅಥವಾ ಗೂಡ್ಸ್ ಆಟೊ ಬಾಡಿಗೆ ಹಿಡಿದರೆ ದಿನದ ದುಡಿಮೆಯ ದೊಡ್ಡ ಪಾಲು ಅದಕ್ಕೇ ಸರಿಹೋಗುತ್ತದೆ. ಆದ್ದರಿಂದ ಗರಿ ಮತ್ತು ಟೊಂಗೆ ಸಮೀಪದ ಹಳ್ಳಕ್ಕೆ, ರಸ್ತೆಯ ಅಂಚಿಗೆ, ಕೆರೆಯ ಅಂಗಳಕ್ಕೆ ಇಲ್ಲವೇ ಹೊಳೆಯ ದಂಡೆಗೆ ಬೀಳುತ್ತವೆ. ಒಣಗಿದ ಮೇಲೆ ಯಾರೋ ಬೆಂಕಿ ಇಡುತ್ತಾರೆ.

ದೂರು ಬಂದಾಗ ಪಂಚಾಯಿತಿಯು ಸುರಿದವರನ್ನು ಹುಡುಕುತ್ತದೆ. ಸುರಿದವರು ಸಿಗುತ್ತಾರೆ, ದಂಡದ ಮಾತೂ ಆಗುತ್ತದೆ. ಆದರೆ 'ಎಲ್ಲಿ ಸುರಿಯಬೇಕಿತ್ತು?' ಎಂದು ಅವರು ತಿರುಗಿ ಕೇಳಿದರೆ ಉತ್ತರ ಕೊಡಲು ಪಂಚಾಯಿತಿಯ ಬಳಿ ಒಂದು ಸರ್ವೆ ನಂಬರೂ ಇರುವುದಿಲ್ಲ. ಜಾಗ ತೋರಿಸದೆ ದಂಡ ಹಾಕಿದರೆ ಕಸದ ಸ್ಥಳ ಬದಲಾಗುತ್ತದೆಯೇ ಹೊರತು ಕಸ ಕಡಿಮೆಯಾಗುವುದಿಲ್ಲ. ಹಗಲು ಬೀಳುತ್ತಿದ್ದುದು ರಾತ್ರಿ ಬೀಳುತ್ತದೆ.

ಸುಡುವುದರಿಂದ, ಸುರಿಯುವುದರಿಂದ ಆಗುವ ನಷ್ಟ

ಮೊದಲ ನಷ್ಟ ಮರಗಳದ್ದೇ. ರಸ್ತೆ ಬದಿಯ ಬೇವು ಅಥವಾ ಹೊಂಗೆಯ ಬುಡದಲ್ಲಿ ತರಗೆಲೆ ಕೂಡಿಟ್ಟು ಬೆಂಕಿ ಇಟ್ಟರೆ, ತೊಗಟೆಯ ಒಳಪದರವು ಬೇಯುತ್ತದೆ. ಎಲೆಯಲ್ಲಿ ತಯಾರಾದ ಆಹಾರವು ಬೇರಿಗೆ ಇಳಿಯುವುದು ಆ ಪದರದ ಮೂಲಕವೇ. ಸುತ್ತಲೂ ಬೆಂದ ಮರವು ಕೂಡಲೇ ಬೀಳದೆ, ಕ್ರಮೇಣ ಒಂದೊಂದೇ ಟೊಂಗೆ ಒಣಗಿ ಸಾಯುತ್ತದೆ. ಮರ ಸತ್ತದ್ದಕ್ಕೆ ಬೆಂಕಿಯೇ ಕಾರಣವೆಂಬುದು ಅಷ್ಟರಲ್ಲಿ ಎಲ್ಲರಿಗೂ ಮರೆತುಹೋಗಿರುತ್ತದೆ.

ಎರಡನೆಯದು ನೀರಿನ ದಾರಿ. ಚರಂಡಿಯ ಬಾಯಿಗೆ, ರಸ್ತೆಯಡಿಯ ಕೊಳವೆಗೆ ಅಡ್ಡಬಿದ್ದ ಒಂದು ತೆಂಗಿನ ಗರಿಯು ತಾನೇ ಜಾಲರಿಯಂತೆ ನಿಂತು, ಹರಿದು ಬರುವ ಚೀಲ, ಹುಲ್ಲು, ಬಟ್ಟೆಗಳನ್ನೆಲ್ಲ ಹಿಡಿದಿಡುತ್ತದೆ. ಮುಂಗಾರಿನಲ್ಲಿ ಹೊಳೆ ತುಂಬಿ ತಗ್ಗಿನ ರಸ್ತೆಗಳ ಮೇಲೆ ನೀರು ಬರುವ ನದಿದಂಡೆಯ ಊರುಗಳಲ್ಲಿ, ನೀರು ಇಳಿಯುವ ದಾರಿಯೂ ಮುಚ್ಚಿದರೆ ತೊಂದರೆ ಇಮ್ಮಡಿಯಾಗುತ್ತದೆ.

ಮೂರನೆಯದು ತೆಂಗಿನ ಬೆಳೆಗಾರರಿಗೆ ನೇರವಾಗಿ ತಟ್ಟುವಂಥದು. ತೆಂಗಿನ ಸುಳಿ ಕೊರೆಯುವ ದುಂಬಿಯು ಮೊಟ್ಟೆ ಇಡುವುದು ಮರದ ಮೇಲಲ್ಲ. ತಿಪ್ಪೆಗುಂಡಿಯಲ್ಲಿ, ಕೊಳೆಯುತ್ತಿರುವ ತೆಂಗಿನ ಕಾಂಡ ಮತ್ತು ಕಸದ ರಾಶಿಯಲ್ಲಿ. ಅದರ ಮರಿಹುಳುವು ನೂರು ದಿನಕ್ಕೂ ಹೆಚ್ಚು ಕಾಲ ಆ ರಾಶಿಯಲ್ಲಿಯೇ ಬೆಳೆದು, ಅನಂತರ ದುಂಬಿಯಾಗಿ ಹಾರಿ ಮರದ ಸುಳಿಗೆ ಹೋಗುತ್ತದೆ. ಯಾರೂ ಮುಟ್ಟದೆ ವರ್ಷಗಟ್ಟಲೆ ಬಿದ್ದಿರುವ ರಾಶಿಯು ಇಡೀ ಊರಿನ ತೆಂಗಿಗೆ ಶತ್ರುವನ್ನು ಸಾಕುವ ತಾಣ. ಅದೇ ರಾಶಿಯನ್ನು ಆಗಾಗ ತಿರುವಿ, ಮೂರು ತಿಂಗಳೊಳಗೆ ಗೊಬ್ಬರವಾಗಿ ಎತ್ತಿಬಿಟ್ಟರೆ ದುಂಬಿಯ ಬೆಳವಣಿಗೆ ಅರ್ಧದಲ್ಲಿಯೇ ಮುರಿಯುತ್ತದೆ. ಹಸಿರು ಕಸದ ನಿರ್ವಹಣೆಯು ಕೇವಲ ಊರಿನ ಅಂದಚೆಂದದ ಪ್ರಶ್ನೆಯಲ್ಲ, ಬೆಳೆಯ ಪ್ರಶ್ನೆಯೂ ಹೌದು ಎಂಬುದಕ್ಕೆ ಇದೊಂದೇ ಸಾಕು.

ಕಾನೂನು ಹೇಳುವುದೇನು

2016ರಲ್ಲಿ ಹೊರಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಪ್ರತ್ಯೇಕವಾಗಿ ಹೆಸರಿಸಿದವು. ಅದನ್ನು ಉತ್ಪಾದಿಸುವವರು ತಮ್ಮ ಆವರಣದಲ್ಲಿಯೇ ಬೇರೆಯಾಗಿ ಇಟ್ಟುಕೊಂಡು, ಸ್ಥಳೀಯ ಸಂಸ್ಥೆಯು ನೀಡುವ ನಿರ್ದೇಶನದಂತೆ ವಿಲೇವಾರಿ ಮಾಡಬೇಕು ಎಂಬುದು ಅದರಲ್ಲಿನ ತತ್ವ. ಇಲ್ಲಿ ಗಮನಿಸಬೇಕಾದ ಎರಡು ಮಾತುಗಳಿವೆ. ಒಂದು, ಹೊಣೆಯು ಮರದ ಒಡೆಯರದ್ದು. ಮರ ಹತ್ತಿದವರದ್ದು ಮಾತ್ರವಲ್ಲ. ಎರಡು, ಸ್ಥಳೀಯ ಸಂಸ್ಥೆಯು ನಿರ್ದೇಶನ ನೀಡಬೇಕು. ನಿರ್ದೇಶನವೇ ಇಲ್ಲದಿದ್ದರೆ ಪಾಲಿಸುವುದಕ್ಕೂ ಏನೂ ಇರುವುದಿಲ್ಲ.

ಬಯಲಿನಲ್ಲಿ ಕಸ ಸುಡುವುದರ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ 22ರಂದು ಆದೇಶ ನೀಡಿ, ಸಾಮಾನ್ಯ ಪ್ರಮಾಣದ ಸುಡುವಿಕೆಗೆ 5,000 ರೂಪಾಯಿ, ಭಾರೀ ಪ್ರಮಾಣದ ಸುಡುವಿಕೆಗೆ 25,000 ರೂಪಾಯಿ ಪರಿಹಾರ ಮೊತ್ತವನ್ನು ಗೊತ್ತುಪಡಿಸಿತು.

ಮರ ಕಡಿಯುವ ವಿಷಯವು ಬೇರೆ ಕಾನೂನಿಗೆ ಒಳಪಟ್ಟಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ಗಾಳಿಮರ, ಬಳ್ಳಾರಿ ಜಾಲಿ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ರಸ್ತೆ ಬದಿಯ ಮತ್ತು ಸಾರ್ವಜನಿಕ ಜಾಗದ ಮರಗಳ ವಿಷಯದಲ್ಲಿ ಆಯಾ ಇಲಾಖೆಯ ಒಪ್ಪಿಗೆ ಇಲ್ಲದೆ ಟೊಂಗೆಯನ್ನೂ ಮುಟ್ಟಬಾರದು. ಹಸಿರು ಕಸಕ್ಕೆ ಜಾಗ ಕೊಡುವುದೆಂದರೆ ಅಕ್ರಮವಾಗಿ ಕಡಿದ ಮರಕ್ಕೆ ದಾರಿ ಮಾಡಿಕೊಡುವುದಲ್ಲ. ಆದ್ದರಿಂದ ಕಸವನ್ನು ಎಲ್ಲಿಂದ ತಂದರು ಎಂಬುದನ್ನು ಬರೆದಿಡುವ ಪದ್ಧತಿ ಮೊದಲ ದಿನದಿಂದಲೇ ಇರಬೇಕು.

ಎಷ್ಟು ಕಸ, ಎಷ್ಟು ಜಾಗ

ಯೋಜನೆಯು ಲೆಕ್ಕದಿಂದ ಆರಂಭವಾಗಬೇಕು. ತೆಂಗಿನ ಮರವು ತಿಂಗಳಿಗೆ ಸುಮಾರು ಒಂದರಂತೆ ವರ್ಷಕ್ಕೆ 12ಕ್ಕೆ ಕಡಿಮೆಯಿಲ್ಲದಷ್ಟು ಗರಿಗಳನ್ನು ಉದುರಿಸುತ್ತದೆ. ಚೆನ್ನಾಗಿ ನೋಡಿಕೊಂಡ ಒಂದು ಹೆಕ್ಟೇರ್ ತೆಂಗಿನ ತೋಟದಿಂದ ವರ್ಷಕ್ಕೆ 6ರಿಂದ 8 ಟನ್ ಗರಿ ದೊರೆಯುತ್ತದೆ ಎಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂದಾಜು. ಹೆಕ್ಟೇರಿಗೆ 175 ಮರಗಳೆಂದು ಹಿಡಿದರೆ ಮರವೊಂದಕ್ಕೆ 34ರಿಂದ 46 ಕಿಲೋಗ್ರಾಂ. ಊರಿನ ಹಿತ್ತಲುಗಳಲ್ಲಿ 100 ಮರಗಳಿದ್ದರೆ ವರ್ಷಕ್ಕೆ ಮೂರೂವರೆಯಿಂದ ನಾಲ್ಕೂವರೆ ಟನ್ನಿನಷ್ಟು ಗರಿ ಎಂದಾಯಿತು.

ಇದನ್ನು ನಾಡೆಪ್ ತೊಟ್ಟಿಯ ಅಳತೆಯೊಂದಿಗೆ ಹೋಲಿಸಬಹುದು. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಪುಸದದ ರೈತ ನಾರಾಯಣ ದೇವತಾವ್ ಪಾಂಢರಿಪಾಂಡೆ ಅವರು ರೂಪಿಸಿದ ಈ ತೊಟ್ಟಿಯು 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ್ದು. ಗಾಳಿಯಾಡಲು ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಒಂದು ಬಾರಿಗೆ 1,400ರಿಂದ 1,500 ಕಿಲೋಗ್ರಾಂ ಸಸ್ಯಜನ್ಯ ಕಸ, 90ರಿಂದ 100 ಕಿಲೋಗ್ರಾಂ ಸಗಣಿ, ಸುಮಾರು 1,750 ಕಿಲೋಗ್ರಾಂ ಜರಡಿ ಹಿಡಿದ ಒಣಮಣ್ಣು ಹಿಡಿಯುತ್ತದೆ. 90ರಿಂದ 120 ದಿನಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಅಂದರೆ ವರ್ಷಕ್ಕೆ ಮೂರು ಬಾರಿ ತುಂಬಬಹುದಾದ ಒಂದೇ ತೊಟ್ಟಿಯು 100 ತೆಂಗಿನ ಮರಗಳ ಗರಿಗೆ ಹೆಚ್ಚುಕಡಿಮೆ ಸಾಕಾಗುತ್ತದೆ. ದೊಡ್ಡ ಸಮಸ್ಯೆಯಂತೆ ಕಾಣುವುದು ಲೆಕ್ಕಕ್ಕೆ ಇಳಿಸಿದಾಗ ಒಂದು ಕೋಣೆಯ ಅಳತೆಗೆ ಬರುತ್ತದೆ. ಉದ್ಯೋಗ ಖಾತರಿ ಯೋಜನೆಯಡಿ ಈ ಹಿಂದೆ ಕಟ್ಟಿಸಿದ ಗೊಬ್ಬರದ ತೊಟ್ಟಿಗಳು ಊರಿನಲ್ಲಿ ಖಾಲಿ ಬಿದ್ದಿದ್ದರೆ, ಹೊಸದನ್ನು ಕಟ್ಟುವ ಮೊದಲು ಅವುಗಳನ್ನು ತುಂಬಿಸಬೇಕು.

ಸಾಗಣೆಯ ಲೆಕ್ಕವೂ ಮುಖ್ಯ. ಕಡಿದ ಟೊಂಗೆಯನ್ನು ಇದ್ದಂತೆಯೇ ಟ್ರೇಲರಿಗೆ ಹೇರಿದರೆ ಬಾಡಿಗೆ ಕೊಟ್ಟು ಸಾಗಿಸುವುದು ಬಹುಪಾಲು ಗಾಳಿಯನ್ನೇ. ಅಲ್ಲಿಯೇ ತುಂಡರಿಸಿ, ಎಲೆ ಬೇರೆ ಕಟ್ಟಿಗೆ ಬೇರೆ ಮಾಡಿ ಅದುಮಿ ತುಂಬಿದರೆ ಹಲವು ಬಾರಿಯ ಸಾಗಣೆ ಒಂದೆರಡು ಬಾರಿಗೆ ಇಳಿಯುತ್ತದೆ. ಮರ ಸವರುವವರಿಗೆ ಲಾಭ ಉಳಿಯುವುದೂ ಇಲ್ಲಿಯೇ.

ಬಿದ್ದಲ್ಲಿಯೇ ವಿಂಗಡಣೆ

ಮರದಡಿಯಲ್ಲಿಯೇ ಐದು ಭಾಗ ಮಾಡುವುದು ಸೂಕ್ತ ಕ್ರಮ.

1. ಮೇವು: ಅತ್ತಿ, ಆಲ, ಅರಳಿ, ಬೇವು ಮುಂತಾದವುಗಳ ಹಸಿಸೊಪ್ಪನ್ನು ಕುರಿ ಮೇಕೆ ಸಾಕುವವರು ಅದೇ ದಿನ ಒಯ್ಯುತ್ತಾರೆ. ಸುಬಾಬುಲ್ ಸೊಪ್ಪು ಪೌಷ್ಟಿಕವಾದರೂ ಅದನ್ನೇ ಹೊಟ್ಟೆತುಂಬ ಕೊಡಬಾರದು. ಇತರ ಮೇವಿನೊಂದಿಗೆ ಬೆರೆಸಬೇಕು. ಕಣಗಿಲೆ, ಲಂಟಾನ, ಹರಳು ಗಿಡಗಳ ಸೊಪ್ಪು ಜಾನುವಾರುಗಳಿಗೆ ವಿಷ. ಬೇಲಿ ಸವರಿದ ಸೊಪ್ಪಿನಲ್ಲಿ ಇವು ಬೆರೆತಿರುವ ಸಾಧ್ಯತೆ ಹೆಚ್ಚು. ಗುರುತು ಹಿಡಿಯಲಾಗದ ಸೊಪ್ಪನ್ನು ಮೇವಿಗೆ ಹಾಕದಿರುವುದೇ ಕ್ಷೇಮ.

2. ಹಸಿರೆಲೆ ಗೊಬ್ಬರ: ಹೊಂಗೆ ಮತ್ತು ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ಸಾರಜನಕ ಹೆಚ್ಚು. ಭತ್ತದ ಗದ್ದೆಯನ್ನು ಕೆಸರು ಮಾಡುವಾಗ ಇವನ್ನು ತುಳಿಸುವ ಪದ್ಧತಿ ಹಿಂದಿನಿಂದಲೂ ಇದೆ. ಹೊಳೆಯ ಬದಿಯ ಭತ್ತದ ರೈತರು ಕೇಳಿ ಪಡೆಯಬಹುದಾದ ವಸ್ತುವಿದು.

3. ಕಟ್ಟಿಗೆ: ಮಣಿಕಟ್ಟಿಗಿಂತ ದಪ್ಪನೆಯ ತುಂಡುಗಳಿಗೆ ಮನೆಯ ಒಲೆಯಿಂದ ಇಟ್ಟಿಗೆ ಭಟ್ಟಿಯವರೆಗೆ ಬೇಡಿಕೆಯಿದೆ. ಇವು ಗೊಬ್ಬರದ ರಾಶಿಗೆ ಸೇರಬಾರದು. ಕರಗಲು ವರ್ಷಗಳೇ ಬೇಕು.

4. ಗರಿ ಮತ್ತು ತರಗೆಲೆ: ಗರಿಯ ಕಡ್ಡಿ ಎತ್ತಿ ಕಸಬರಿಗೆ ಕಟ್ಟುವವರಿಗೆ ಮೊದಲ ಅವಕಾಶ. ಉಳಿದುದು ಗಿಡಗಳ ಬುಡಕ್ಕೆ ಹೊದಿಕೆಯಾಗಿ ಅಥವಾ ಗೊಬ್ಬರಕ್ಕೆ. ಬಿಸಿಲು ಹೆಚ್ಚಿರುವ ಈ ಸೀಮೆಯಲ್ಲಿ ಬುಡಕ್ಕೆ ಹೊದಿಸಿದ ತರಗೆಲೆಯು ನೆಲದ ತೇವವನ್ನು ಕಾಯುತ್ತದೆ. ಮಲ್ಲಿಗೆಯ ತೋಟದಲ್ಲಿ ಸವರಿದ ರೋಗವಿಲ್ಲದ ಕಡ್ಡಿಯನ್ನು ಅದೇ ಸಾಲಿನಲ್ಲಿ ಹೊದಿಸಿದರೆ ಸಾಗಣೆಯ ಮಾತೇ ಬರುವುದಿಲ್ಲ.

5. ಬೇರೆ ಇಡಬೇಕಾದುದು: ರೋಗ ತಗುಲಿದ ಟೊಂಗೆ, ಬೀಜ ಕಟ್ಟಿದ ಪಾರ್ಥೇನಿಯಂ, ಬಳ್ಳಾರಿ ಜಾಲಿಯ ಕಾಯಿ. ದಾಳಿಂಬೆಯ ದುಂಡಾಣು ಅಂಗಮಾರಿ ತಗುಲಿದ ಕೊಂಬೆಯನ್ನು ಯಾವ ಕಾರಣಕ್ಕೂ ಸಾಮೂಹಿಕ ರಾಶಿಗೆ ತರಬಾರದು. ಒಂದು ತೋಟದ ರೋಗವು ಗೊಬ್ಬರದ ಹೆಸರಿನಲ್ಲಿ ಹತ್ತು ತೋಟಗಳಿಗೆ ಹೋದೀತು. ಅದನ್ನು ತೋಟಗಾರಿಕೆ ಇಲಾಖೆಯ ಸಲಹೆಯಂತೆ ಆ ತೋಟದಲ್ಲಿಯೇ ನಾಶಪಡಿಸಬೇಕು. ಬಳ್ಳಾರಿ ಜಾಲಿಯ ಕಾಯಿಯನ್ನು ತಿಂದ ದನಕುರಿಗಳ ಸಗಣಿ ಹಿಕ್ಕೆಯ ಮೂಲಕವೇ ಅದರ ಬೀಜ ಹೊಲಗಳಿಗೆ ಹರಡಿದೆ. ಕಾಯಿಯನ್ನು ರಾಶಿಗೆ ಸೇರಿಸಿದರೆ ಗೊಬ್ಬರದೊಂದಿಗೆ ಮುಳ್ಳನ್ನೂ ಹಂಚಿದಂತಾಗುತ್ತದೆ.

ಗೊಬ್ಬರ ಮಾಡುವ ಕ್ರಮ

ಗೊಬ್ಬರದ ವಿದ್ಯೆ ಈ ನಾಡಿಗೆ ಹೊಸದಲ್ಲ. ಆಲ್ಬರ್ಟ್ ಹೋವರ್ಡ್ ಅವರು ಇಂದೋರಿನಲ್ಲಿ ರೂಪಿಸಿದ ಕ್ರಮವು ಇಂದೋರ್ ಪದ್ಧತಿಯೆಂದು ಜಗತ್ತಿನಾದ್ಯಂತ ಹೆಸರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಅವರು 1939ರ ಸುಮಾರಿಗೆ ರೂಪಿಸಿದ ಕ್ರಮವು ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಪಠ್ಯಪುಸ್ತಕಗಳಲ್ಲಿದೆ. ಮೊದಲನೆಯದರಲ್ಲಿ ರಾಶಿಯನ್ನು ಆಗಾಗ ತಿರುವಬೇಕು. ಎರಡನೆಯದರಲ್ಲಿ ಗುಂಡಿ ತುಂಬಿ ಮಣ್ಣು ಮೆತ್ತಿ ಬಿಡುವುದರಿಂದ ಶ್ರಮ ಕಡಿಮೆ, ಕಾಲ ಹೆಚ್ಚು. ದುಂಬಿಯ ಕಾಟವಿರುವ ತೆಂಗಿನ ಊರುಗಳಿಗೆ ತಿರುವುವ ಕ್ರಮವೇ ಹೆಚ್ಚು ಸೂಕ್ತ.

ಇದರ ಹಿಂದಿರುವ ಸೂತ್ರ ಸರಳವಾಗಿದೆ. ರಾಶಿಯನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಇಂಗಾಲವೂ ಬೇಕು, ಸಾರಜನಕವೂ ಬೇಕು. ಸಾರಜನಕದ ಒಂದು ಭಾಗಕ್ಕೆ ಇಂಗಾಲದ 25ರಿಂದ 30 ಭಾಗವಿದ್ದರೆ ಕೆಲಸ ಚುರುಕಾಗುತ್ತದೆ. ಒಣ ಎಲೆ, ಗರಿ, ಕಟ್ಟಿಗೆಯ ಪುಡಿಗಳಲ್ಲಿ ಇಂಗಾಲ ಬಹಳ ಹೆಚ್ಚು. ಹಸಿಸೊಪ್ಪು ಮತ್ತು ಸಗಣಿಯಲ್ಲಿ ಸಾರಜನಕ ಹೆಚ್ಚು. ಆದ್ದರಿಂದ ಬರೀ ತರಗೆಲೆಯ ರಾಶಿ ವರ್ಷವಾದರೂ ಹಾಗೆಯೇ ಇರುತ್ತದೆ. ಬರೀ ಹಸಿಸೊಪ್ಪಿನ ರಾಶಿ ಕೊಳೆತು ನಾರುತ್ತದೆ. ಒಂದು ಪದರ ಒಣಗಿದ್ದು, ಒಂದು ಪದರ ಹಸಿಯದ್ದು, ಮೇಲೆ ಸಗಣಿಯ ಬಗ್ಗಡ, ಈ ಕ್ರಮ ತಪ್ಪಬಾರದು.

ತೇವವು 50ರಿಂದ 60 ಶೇಕಡಾ ಇರಬೇಕು. ಮುಷ್ಟಿಯಲ್ಲಿ ಹಿಡಿದು ಹಿಂಡಿದಾಗ ಒಂದೆರಡು ಹನಿ ಮಾತ್ರ ಬಂದರೆ ಸರಿ. ಧಾರೆ ಇಳಿದರೆ ಹೆಚ್ಚಾಯಿತು. ರಾಶಿಯ ಅಗಲ, ಉದ್ದ, ಎತ್ತರ ತಲಾ ಒಂದು ಮೀಟರಿಗಿಂತ ಕಡಿಮೆಯಾದರೆ ಕಾವು ನಿಲ್ಲುವುದಿಲ್ಲ. ಎತ್ತರವು ಒಂದೂವರೆ ಮೀಟರ್ ದಾಟಿದರೆ ಒಳಗೆ ಗಾಳಿಯಾಡುವುದಿಲ್ಲ. ಒಳಗಿನ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟಿ ಕನಿಷ್ಠ ಮೂರು ದಿನ ನಿಂತರೆ ಕಳೆಯ ಬೀಜಗಳೂ ಬಹುಪಾಲು ರೋಗಾಣುಗಳೂ ಸಾಯುತ್ತವೆ. ಹೊರಗಿನ ಪದರಕ್ಕೆ ಆ ಕಾವು ಸಿಗುವುದಿಲ್ಲವಾದ್ದರಿಂದಲೇ ರಾಶಿಯನ್ನು ಹೊರಗಿನದು ಒಳಗೆ ಹೋಗುವಂತೆ ತಿರುವಬೇಕು. ತಿರುವುವಾಗ ಕಂಡ ದುಂಬಿಯ ಮರಿಹುಳುಗಳನ್ನು ಆಯ್ದು ತೆಗೆಯಬೇಕು. ಅವು ಹೆಚ್ಚಾಗಿದ್ದರೆ ಹುಳುಗಳಿಗೆ ರೋಗ ತರುವ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ರಾಶಿಗೆ ಬೆರೆಸಬಹುದು.

ತೆಂಗಿನ ಗರಿಯನ್ನೇ ಎರೆಗೊಬ್ಬರ ಮಾಡುವ ಕ್ರಮವನ್ನು ಕಾಸರಗೋಡಿನ ಸಂಸ್ಥೆಯು ರೂಪಿಸಿದೆ. ಗರಿಯ ದಪ್ಪ ಬುಡವನ್ನು ಕಡಿದು ತೆಗೆದು, ಉಳಿದುದನ್ನು ಕೆಲಕಾಲ ನೆನೆದು ಮೆತ್ತಗಾಗಲು ಬಿಟ್ಟು, ಗರಿಯ ತೂಕದ ಹತ್ತನೆಯ ಒಂದು ಭಾಗದಷ್ಟು ಸಗಣಿಯನ್ನು ಬೆರೆಸಿ ಎರೆಹುಳು ಬಿಟ್ಟರೆ, ಸುಮಾರು ಮೂರು ತಿಂಗಳಲ್ಲಿ ಗರಿಯ ತೂಕದ ಶೇಕಡಾ 70ರಷ್ಟು ಗೊಬ್ಬರ ದೊರೆಯುತ್ತದೆ. ನೆರಳು ಮತ್ತು ನಿತ್ಯದ ನೀರು ಇದಕ್ಕೆ ಅಗತ್ಯ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘಗಳು ನೋಡಿಕೊಳ್ಳಬಹುದಾದ ಕೆಲಸವಿದು.

ಮರ ಸವರುವವರೊಂದಿಗೆ ಒಡಂಬಡಿಕೆ

ಜಾಗ ಮತ್ತು ತೊಟ್ಟಿ ಇದ್ದರೂ ಗರಿ ಅಲ್ಲಿಗೆ ಬರುವಂತೆ ಮಾಡುವವರು ಮರ ಸವರುವವರೇ. ಆದ್ದರಿಂದ ಅವರನ್ನು ಆರೋಪಿಗಳಂತೆ ನೋಡದೆ, ಪಾಲುದಾರರನ್ನಾಗಿ ಕರೆದು ಕೂಡಿಸಿಕೊಳ್ಳಬೇಕು.

ಮೊದಲಿಗೆ, ಪಂಚಾಯಿತಿಯು ತನ್ನ ವ್ಯಾಪ್ತಿಯಲ್ಲಿ ಈ ಕೆಲಸ ಮಾಡುವವರ ಪಟ್ಟಿಯನ್ನು ಸಿದ್ಧಪಡಿಸಿ ನೋಂದಾಯಿಸಿಕೊಳ್ಳಬೇಕು. ಕೂಲಿಯನ್ನು ಹೇಳುವಾಗ ಕಡಿಯುವುದಕ್ಕೆ ಇಷ್ಟು, ಸಾಗಿಸುವುದಕ್ಕೆ ಇಷ್ಟು ಎಂದು ಎರಡಾಗಿ ಹೇಳುವುದು ರೂಢಿಗೆ ಬರಬೇಕು. ಮನೆಯೊಡೆಯರು ಕಸವನ್ನು ತಮ್ಮ ಹಿತ್ತಲಲ್ಲಿಯೇ ಗೊಬ್ಬರ ಮಾಡಿಕೊಂಡರೆ ಎರಡನೆಯ ಮೊತ್ತ ಅವರಿಗೆ ಉಳಿಯುತ್ತದೆ. ಸಾಗಿಸಿಕೊಂಡರೆ ಮರ ಸವರಿದವರಿಗೆ ನ್ಯಾಯವಾದ ಬಾಡಿಗೆ ಸಿಗುತ್ತದೆ. ಪಂಚಾಯಿತಿಯೇ ಈ ಮಾತನ್ನು ಡಂಗುರ ಸಾರಿ ತಿಳಿಸಿದರೆ, ಒಬ್ಬಂಟಿ ಕೂಲಿಕಾರರು ಮನೆಯೊಡೆಯರೊಡನೆ ಚೌಕಾಸಿ ಮಾಡಬೇಕಾದ ಕಷ್ಟ ತಪ್ಪುತ್ತದೆ.

ಎರಡನೆಯದಾಗಿ, ಹಸಿರು ಕಸದ ಅಂಗಳದಲ್ಲಿ ಪ್ರತಿ ಹೊರೆಗೂ ಒಂದು ಚೀಟಿ ಕೊಡಬೇಕು. ಅದರಲ್ಲಿ ದಿನಾಂಕ, ತಂದವರ ಹೆಸರು, ಯಾರ ಜಾಗದ ಯಾವ ಮರ, ವಿಂಗಡಿಸಿದೆಯೇ ಇಲ್ಲವೇ ಎಂಬುದಿರಬೇಕು. ವಿಂಗಡಿಸಿ ತುಂಡರಿಸಿ ತಂದ ಹೊರೆಗೆ ಶುಲ್ಕವಿರಬಾರದು. ಬೆರಕೆಯಾಗಿ ತಂದುದಕ್ಕೆ ಸಭೆಯು ಗೊತ್ತುಪಡಿಸಿದ ಅಲ್ಪ ಶುಲ್ಕವಿರಬೇಕು. ತುಂಡರಿಸುವ ಶ್ರಮಕ್ಕೆ ಪ್ರತಿಫಲ ಕಾಣುವಂತಿದ್ದರೆ ಮಾತ್ರ ಆ ಶ್ರಮ ನಡೆಯುತ್ತದೆ.

ಮೂರನೆಯದಾಗಿ, ಅವರ ಪ್ರಾಣದ ಪ್ರಶ್ನೆ. ಮರದಿಂದ ಬಿದ್ದವರ ಕುಟುಂಬವು ಒಂದೇ ದಿನದಲ್ಲಿ ಬೀದಿಗೆ ಬರುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತಿಗೆ, ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿಯ ರಕ್ಷಣೆಯಿದೆ. 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ 'ತೆಂಗಿನ ಮರದ ಸ್ನೇಹಿತರು' ತರಬೇತಿಯಲ್ಲಿ ಸಾಧನ ಬಳಸಿ ಮರ ಹತ್ತುವುದನ್ನು ಕಲಿಸಲಾಯಿತು. ತೆಂಗಿನ ಮರ ಹತ್ತುವವರಿಗಾಗಿ ಮಂಡಳಿಯು 'ಕೇರ ಸುರಕ್ಷಾ' ವಿಮೆಯನ್ನೂ ರೂಪಿಸಿದೆ. ನೋಂದಣಿಯ ದಿನವೇ ಈ ಅರ್ಜಿಗಳನ್ನೂ ತುಂಬಿಸಿದರೆ, ಪಂಚಾಯಿತಿಯು ಕರೆದದ್ದು ದಂಡ ಹಾಕುವುದಕ್ಕಲ್ಲ ಎಂಬ ನಂಬಿಕೆ ಹುಟ್ಟುತ್ತದೆ. ವಿದ್ಯುತ್ ತಂತಿಯ ಹತ್ತಿರದ ಟೊಂಗೆಯನ್ನು ಸರಬರಾಜು ನಿಲ್ಲಿಸದೆ ಮುಟ್ಟಬಾರದೆಂಬುದನ್ನೂ ಆ ದಿನವೇ ಖಚಿತವಾಗಿ ಹೇಳಬೇಕು.

ತೆಂಗಿನ ಆರೋಗ್ಯಕ್ಕೆ ಸಂಬಂಧಿಸಿದ ಇನ್ನೊಂದು ಸೂಚನೆಯನ್ನೂ ಅವರಿಗೆ ತಿಳಿಸುವುದು ಅಗತ್ಯ. ಹಸಿಗರಿಯನ್ನು ಕಾಂಡಕ್ಕೆ ಅಂಟಿಸಿ ಕಡಿದರೆ ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಕಡಿಯಲೇಬೇಕಾದಾಗ ಸುಮಾರು 4 ಅಡಿಯಷ್ಟು ಬುಡವನ್ನು ಮರದಲ್ಲಿಯೇ ಬಿಡಬೇಕು.

ಸದಸ್ಯರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳು

'ಜಾಗ ಎಲ್ಲಿದೆ?' ಎಂಬುದು ಮೊದಲ ಪ್ರಶ್ನೆ. ಆರಂಭಕ್ಕೆ ಎರಡು ತೊಟ್ಟಿ, ಒಂದು ರಾಶಿ, ಒಂದು ಟ್ರ್ಯಾಕ್ಟರ್ ತಿರುಗುವಷ್ಟು ಜಾಗ ಸಾಕು. ಅದು ಹೊಳೆಯ ನೀರು ಏರುವ ಮಟ್ಟಕ್ಕಿಂತ ಮೇಲಿರಬೇಕು. ಕುಡಿಯುವ ನೀರಿನ ಮೂಲ, ಶಾಲೆ, ಅಂಗನವಾಡಿ ಮತ್ತು ವಿದ್ಯುತ್ ತಂತಿಗಳಿಂದ ದೂರವಿರಬೇಕು. ನೀರಿನ ನಲ್ಲಿ ಇರಬೇಕು. ರಾಶಿಗಳ ನಡುವೆ ವಾಹನ ಹಾಯುವಷ್ಟು ತೆರವು ಬಿಟ್ಟರೆ ಬೆಂಕಿ ಬಿದ್ದರೂ ಹರಡುವುದಿಲ್ಲ.

'ಅದು ತಿಪ್ಪೆಯಾಗುವುದಿಲ್ಲವೇ?' ಎಂಬುದು ಎರಡನೆಯದು. ಕಾವಲಿಲ್ಲದೆ ಸದಾ ತೆರೆದಿಟ್ಟರೆ ಖಂಡಿತ ಆಗುತ್ತದೆ; ಮೊದಲ ವಾರದಲ್ಲಿಯೇ ಪ್ಲಾಸ್ಟಿಕ್ ಬಂದು ಬೀಳುತ್ತದೆ. ಆದ್ದರಿಂದ ವಾರದಲ್ಲಿ ಎರಡು ದಿನ, ಗೊತ್ತಾದ ಹೊತ್ತಿಗೆ ಮಾತ್ರ ಬಾಗಿಲು ತೆರೆಯಬೇಕು. ಸ್ವಚ್ಛ ಸಂಕೀರ್ಣವನ್ನು ನಡೆಸುತ್ತಿರುವ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಈ ಕೆಲಸವನ್ನೂ ಒಪ್ಪಂದದ ಮೇರೆಗೆ ಒಪ್ಪಿಸಬಹುದು. ಆದರೆ ಸ್ವಚ್ಛ ವಾಹಿನಿಯಲ್ಲಿ ಟೊಂಗೆ ಹೇರುವುದು ಬೇಡ. ಒಣಕಸದ ವ್ಯವಸ್ಥೆಯೇ ಹದಗೆಡುತ್ತದೆ.

'ಯಂತ್ರ ಕೊಳ್ಳಬೇಕೇ?' ಎಂಬುದು ಮೂರನೆಯದು. ಮೊದಲ ವರ್ಷ ಬೇಡ. ವರ್ಷವಿಡೀ ಎಷ್ಟು ಹೊರೆ ಬಂತೆಂಬ ಚೀಟಿಯ ಲೆಕ್ಕ ಕೈಯಲ್ಲಿಲ್ಲದೆ ಟೊಂಗೆ ಪುಡಿಮಾಡುವ ಯಂತ್ರವನ್ನು ಕೊಂಡರೆ ಅದು ಕೊಠಡಿಯಲ್ಲಿ ತುಕ್ಕು ಹಿಡಿಯುತ್ತದೆ. ಅಗತ್ಯ ಬಿದ್ದಾಗ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ದೊರೆಯುವುದೇ ಎಂದು ವಿಚಾರಿಸಬಹುದು.

'ಗೊಬ್ಬರವನ್ನು ಯಾರು ಒಯ್ಯುತ್ತಾರೆ?' ಎಂಬುದು ಕೊನೆಯ ಪ್ರಶ್ನೆ. ಪುಣೆಯಲ್ಲಿ 2016ರಿಂದ ನಡೆದುಬಂದಿರುವ ತರಗೆಲೆ ಹಂಚಿಕೆಯ ಕಾರ್ಯವು ಇಲ್ಲಿ ಗಮನಾರ್ಹ. ತರಗೆಲೆ ಬೇಡವೆನ್ನುವ ಮನೆಯವರನ್ನೂ, ಅದು ಬೇಕೆನ್ನುವ ಕೈತೋಟದವರನ್ನೂ ಪರಸ್ಪರ ಪರಿಚಯಿಸಿದ್ದೇ ಅದರ ಮುಖ್ಯ ಕೆಲಸ. ಹಳ್ಳಿಯಲ್ಲಿ ಇದು ಇನ್ನೂ ಸುಲಭ. ಬೇಡುವವರೂ ಕೊಡುವವರೂ ಒಂದೇ ಓಣಿಯಲ್ಲಿರುತ್ತಾರೆ. ಮೊದಲ ಗೊಬ್ಬರವನ್ನು ಶಾಲೆಯ ಕೈತೋಟಕ್ಕೆ ಮತ್ತು ಪಂಚಾಯಿತಿಯೇ ನೆಟ್ಟ ರಸ್ತೆ ಬದಿಯ ಸಸಿಗಳಿಗೆ ಹಾಕಿದರೆ, ಕಣ್ಣಾರೆ ಕಂಡವರು ಮುಂದಿನ ಬಾರಿ ತಾವಾಗಿಯೇ ಬಂದು ಕೇಳುತ್ತಾರೆ.

ಸಾಮಾನ್ಯ ಸಭೆಯ ಮುಂದೆ ಇಡಬಹುದಾದ ಠರಾವು

ಸಂಬಂಧಿಸಿದ ಸ್ಥಾಯಿ ಸಮಿತಿಗಳು ಒಟ್ಟಿಗೆ ಚರ್ಚಿಸಿ, ಈ ಕೆಳಗಿನ ಅಂಶಗಳನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಬಹುದು:

1. ಹಸಿರು ಕಸಕ್ಕಾಗಿ ಒಂದು ಜಾಗವನ್ನು ಸರ್ವೆ ನಂಬರ್ ಸಹಿತ ಗೊತ್ತುಪಡಿಸುವುದು.
2. ಅದು ತೆರೆದಿರುವ ದಿನ, ಹೊತ್ತು ಹಾಗೂ ಶುಲ್ಕವನ್ನು ನಿರ್ಧರಿಸಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು.
3. ಮರ ಸವರುವವರನ್ನು ನೋಂದಾಯಿಸಿ, ವಿಮೆಯ ಅರ್ಜಿಗಳನ್ನು ಅದೇ ದಿನ ತುಂಬಿಸುವುದು.
4. ಹೊರೆಯ ಚೀಟಿ ಮತ್ತು ವಹಿಯನ್ನು ಒಕ್ಕೂಟದ ಮೂಲಕ ನಿರ್ವಹಿಸುವುದು. ಪ್ರತಿ ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಸಭೆಗೆ ಒಪ್ಪಿಸುವುದು.
5. ವಿದ್ಯುತ್ ಕಂಪನಿ, ಲೋಕೋಪಯೋಗಿ ಮತ್ತು ಅರಣ್ಯ ಇಲಾಖೆಗಳು ಟೊಂಗೆ ಕಡಿಸುವ ಮುನ್ನ ಪಂಚಾಯಿತಿಗೆ ತಿಳಿಸಿ, ಕಡಿದುದನ್ನು ಅಲ್ಲಿಯೇ ಬಿಡದಂತೆ ಕೋರಿ ಪತ್ರ ಬರೆಯುವುದು.
6. ಜಾಗ ತೆರೆದು ಮೂರು ತಿಂಗಳಾದ ಮೇಲೆ ಮಾತ್ರ, ಹಳ್ಳ ಚರಂಡಿಗಳಿಗೆ ಸುರಿಯುವುದು ಮತ್ತು ಸುಡುವುದರ ಮೇಲಿನ ದಂಡವನ್ನು ಜಾರಿಗೆ ತರುವುದು.

ಆರನೆಯ ಅಂಶದ ಕ್ರಮವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಮೊದಲು ಜಾಗ, ಆಮೇಲೆ ದಂಡ. ಮರ ಸವರುವವರು ಊರಿನ ಮರಗಳ ಆರೈಕೆ ಮಾಡುವವರು. ಅವರ ದುಡಿಮೆ ನಿಂತರೆ ಒಣಗರಿ ತಲೆಯ ಮೇಲೆ ಬೀಳುತ್ತದೆ, ಟೊಂಗೆ ತಂತಿಯ ಮೇಲೆ ಬೀಳುತ್ತದೆ. ಅವರಿಗೆ ದಾರಿ ತೋರಿಸುವ ಅಧಿಕಾರ ಮತ್ತು ಹೊಣೆ ಎರಡೂ ಗ್ರಾಮ ಪಂಚಾಯಿತಿಯ ಕೈಯಲ್ಲಿವೆ. ಮುಂಗಾರು ಆರಂಭವಾಗುವ ಮುನ್ನ, ಅಂದರೆ ಚರಂಡಿಗಳ ಹೂಳು ತೆಗೆಸುವ ಸಮಯದಲ್ಲಿಯೇ ಈ ಠರಾವು ಕೈಗೊಂಡರೆ ಅದರ ಫಲ ಆ ಮಳೆಗಾಲದಲ್ಲಿಯೇ ಕಾಣುತ್ತದೆ.